ಜೀವರಕ್ಷಣೆಯ ತರಬೇತಿಗೆ ತಕ್ಕ ತಾಣ ಯಾವುದು?



ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಪ್ರಥಮ ಚಿಕಿತ್ಸೆ ಹಾಗೂ ಡಿಫಿಬ್ರಿಲೇಟರ್ ಬಳಕೆಯ ತರಬೇತಿಯನ್ನು ಎಲ್ಲಿ ನಡೆಸಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಒಂದು ಸಭಾಂಗಣ, ನೂರು ಕುರ್ಚಿ, ಒಂದು ಧ್ವನಿವರ್ಧಕ ದೊರೆತರೆ ಸಾಕೆಂದು ತೋರುತ್ತದೆ. ಕೃಷಿ ವಿಸ್ತರಣೆಯ ಅನುಭವ ಬೇರೆಯದನ್ನೇ ಹೇಳುತ್ತದೆ. ಕಡಲೆಕಾಯಿಯ ಹೊಸ ತಳಿಯನ್ನು ಸಂಶೋಧನಾ ಕೇಂದ್ರದ ಬೇಲಿಯೊಳಗೆ ಬೆಳೆದು ತೋರಿಸಿದರೆ ನೋಡುವವರು ಕೆಲವರು. ದಾರಿಬದಿಯ ಹೊಲದಲ್ಲಿ ಬೆಳೆದರೆ ಊರೇ ನೋಡುತ್ತದೆ. ಜೀವ ಉಳಿಸುವ ವಿದ್ಯೆಗೂ ಇದೇ ನ್ಯಾಯ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದರಲ್ಲಿ ಹೃದಯಕ್ಕೆ ರಕ್ತ ಸಾಗಿಸುವ ನಾಳ ಕಟ್ಟಿಕೊಳ್ಳುತ್ತದೆ. ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಎರಡನೆಯದರಲ್ಲಿ ಮಿಡಿತವೇ ನಿಂತು ಮನುಷ್ಯ ಕುಸಿಯುತ್ತಾನೆ. ಎದೆ ಒತ್ತದೆ, ವಿದ್ಯುತ್ ಆಘಾತ ನೀಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಕುಗ್ಗುತ್ತದೆ. 20 ಕಿಲೋಮೀಟರ್ ದೂರದ ಹಳ್ಳಿಗೆ ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ತಲುಪಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಹೊಣೆ ಪಕ್ಕದಲ್ಲಿರುವವರದ್ದೇ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದ ಬಳಿಕ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಗಳನ್ನು ಹೃದ್ರೋಗ ತಜ್ಞರೊಡನೆ ಜೋಡಿಸುವುದರ ಜೊತೆಗೆ, ಸಾರ್ವಜನಿಕ ಸ್ಥಳಗಳಲ್ಲಿ ಸ್ವಯಂಚಾಲಿತ ಡಿಫಿಬ್ರಿಲೇಟರ್ ಇರಿಸುವುದೂ ಅದರ ಆಶಯ. ಯಂತ್ರ ತಾನೇ ಮಾತಿನಲ್ಲಿ ಸೂಚನೆ ನೀಡುತ್ತದೆ. ಅಗತ್ಯವಿಲ್ಲದಿದ್ದರೆ ಆಘಾತ ನೀಡುವುದಿಲ್ಲ. ಆದರೂ ಒಮ್ಮೆಯೂ ಮುಟ್ಟಿ ನೋಡದ ಯಂತ್ರವನ್ನು ಗಾಬರಿಯ ಗಳಿಗೆಯಲ್ಲಿ ತೆರೆಯುವವರು ವಿರಳ. ಆದುದರಿಂದ ಮೊದಲ ಸೂತ್ರವಿದು: ಯಂತ್ರ ಎಲ್ಲಿರುವುದೋ, ಅಥವಾ ಮುಂದೆ ಎಲ್ಲಿ ಇರಬೇಕೋ, ತರಬೇತಿಯೂ ಅಲ್ಲಿಯೇ ನಡೆಯಲಿ.

ನಾಲ್ಕು ತಾಲ್ಲೂಕಿಗೂ ಒಂದೇ ತಾಣ ಸಲ್ಲದು. ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 3,930 ಅಡಿ ಎತ್ತರದಲ್ಲಿದೆ. ಬುಡದಲ್ಲಿರುವ ಯಂತ್ರ ತುದಿಯಲ್ಲಿ ಕುಸಿದವನಿಗೆ ಸಕಾಲಕ್ಕೆ ಒದಗದು. ಕಲಿತ ಕೈಗಳು ಮಾತ್ರ ಮೇಲೇರಬಲ್ಲವು. ಅಲ್ಲಿ ಬೆಟ್ಟದ ಬುಡವೇ ತಾಣ. ಚಾರಣಿಗರ ಜೊತೆ ಹತ್ತುವ ಊರಿನ ಯುವಕರೇ ಮೊದಲ ಶಿಷ್ಯರು. ಶಿರಾದಲ್ಲಿ ಹೆದ್ದಾರಿ ಹಾದುಹೋಗುವುದರಿಂದ ಬಸ್ ನಿಲ್ದಾಣದ ಆಸುಪಾಸು ಮೇಲು. ರಕ್ತಸ್ರಾವ ತಡೆಯುವ ಪಾಠಕ್ಕೆ ಅಲ್ಲಿ ಹೆಚ್ಚು ವೇಳೆ ಬೇಕು. ಕೊರಟಗೆರೆಯಲ್ಲಿ ಸಿದ್ಧರಬೆಟ್ಟ, ಗೊರವನಹಳ್ಳಿಗಳಿಗೆ ಭಕ್ತರು ನೆರೆಯುತ್ತಾರೆ. ಜನಜಂಗುಳಿಯಿಲ್ಲದ ದಿನ ಅಲ್ಲಿಯ ಅಂಗಡಿಯವರಿಗೂ ಅರ್ಚಕರಿಗೂ ಕಲಿಸಬೇಕು. ಪಾವಗಡವನ್ನು ಬಹುಪಾಲು ಆಂಧ್ರಪ್ರದೇಶವೇ ಸುತ್ತುವರಿದಿದೆ. ಅಲ್ಲಿ ಕನ್ನಡದೊಡನೆ ತೆಲುಗಿನಲ್ಲಿಯೂ ಪಾಠ ನಡೆಯಬೇಕು. ತಾಲ್ಲೂಕು ಕೇಂದ್ರವಲ್ಲದೆ ತಿರುಮಣಿಯಂಥ ದೂರದ ಊರಿನಲ್ಲಿ ಇನ್ನೊಂದು ತಾಣ ಬೇಕು.

ಕಟ್ಟಡದ ಗುಣಗಳನ್ನೂ ಪರಿಶೀಲಿಸಬೇಕು. ಎದೆ ಒತ್ತುವುದನ್ನು ಗಟ್ಟಿ ನೆಲದ ಮೇಲೆಯೇ ಕಲಿಯಬೇಕು: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ. ಕುರ್ಚಿಗಳಿಂದ ತುಂಬಿದ ಸಭಾಂಗಣಕ್ಕಿಂತ ಖಾಲಿ ಶಾಲಾ ಕೊಠಡಿಯೇ ಲೇಸು. ಮಹಿಳೆಯರು ಸಂಕೋಚವಿಲ್ಲದೆ ಮಂಡಿಯೂರಿ ಅಭ್ಯಾಸ ಮಾಡುವಷ್ಟು ಮರೆ ಇರಲಿ. ಸಂಜೆಯ ಕೊನೆಯ ಬಸ್ಸಿಗೆ ಮೊದಲು ಪಾಠ ಮುಗಿಯಲಿ. ಎಲ್ಲ ಜಾತಿಯವರೂ ಹಿಂಜರಿಕೆಯಿಲ್ಲದೆ ಒಳಬರುವ ಜಾಗ ಅದಾಗಿರಲಿ. ಯಂತ್ರವನ್ನು ಕಾದ ತಗಡಿನ ಚಾವಣಿಯಡಿ ಇಡಬಾರದು. ಬ್ಯಾಟರಿಯೂ ಎದೆಗೆ ಅಂಟಿಸುವ ಪಟ್ಟಿಗಳೂ ಕೆಡುತ್ತವೆ. ಬೀಗ ಹಾಕಿ, ಕೀಲಿ ಪರವೂರಿನವರ ಜೇಬಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ವಿದ್ಯಾರ್ಥಿಗಳು ಇಂದೇ ಒಂದು ಕೆಲಸ ಮಾಡಬಹುದು. ಊರಿನ ಸಂತೆ, ಶಾಲೆ, ಡೇರಿ, ದೇವಸ್ಥಾನಗಳಿಂದ ಆಯ್ದ ತಾಣಕ್ಕೆ ಗಡಿಯಾರ ಹಿಡಿದು ಓಡಿ, ಮರಳಿ ಬನ್ನಿ. ಮೂರು ನಿಮಿಷದೊಳಗೆ ಮರಳಲಾಗುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ರಾತ್ರಿಯೂ ಬಾಗಿಲು ತೆರೆದಿರುವುದೇ ಎಂದು ವಿಚಾರಿಸಿ. ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಿ. ತಾಣವನ್ನು ಊರೇ ಆರಿಸಿದರೆ, ಯಂತ್ರವನ್ನು ಊರೇ ಕಾಯುತ್ತದೆ.