ದ್ವಿದಳ ಬೆಳೆದ ನೆಲದಲ್ಲಿ ಸಾರಜನಕ ಉಳಿಯುವುದೆಷ್ಟು?
(ಕ್ಷೇತ್ರೋತ್ಸವದಲ್ಲಿ ಮಾಡಿದ ಭಾಷಣ)



ಹಿಂದಿನ ಸಾರಿ ಇಲ್ಲಿಗೆ ಬಂದಾಗ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಹೆಸರು ಹಾಕಿದರೆ ನೆಲಕ್ಕೆ ಸಾರಜನಕ ಬರುತ್ತೆ ಅಂದಿರಿ. ಹಾಕಿದೆ. ಅದರ ಹಿಂದೆ ರಾಗಿ ಯಾವಾಗಿನಂತೆಯೇ ಬಂತು. ಎಲ್ಲಿ ಹೋಯಿತು ನಿಮ್ಮ ಸಾರಜನಕ?" ನ್ಯಾಯವಾದ ಪ್ರಶ್ನೆ.

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದೆ. ರಾಗಿ, ಜೋಳಗಳಿಗೆ ಅದು ನೇರವಾಗಿ ದಕ್ಕದು. ದ್ವಿದಳ ಸಸ್ಯಗಳು ಬೇರುಗಂಟುಗಳ ಮೂಲಕ ಅದನ್ನು ಪಡೆಯುತ್ತವೆಂದು 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ತೋರಿಸಿದರು. ರಾಗಿಯಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದ ನಮ್ಮ ಹಿರಿಯರು ಆ ವರದಿಗಾಗಿ ಕಾದಿರಲಿಲ್ಲ, ಆ ಮಾತು ಬೇರೆ. ಗಂಟಿನೊಳಗಿನ ರೈಜೋಬಿಯಂ ಅಣುಜೀವಿಗೆ ಗಿಡ ಸಕ್ಕರೆ ಕೊಡುತ್ತದೆ, ಅಣುಜೀವಿ ಸಾರಜನಕ ಕೊಡುತ್ತದೆ. ಮುಯ್ಯಾಳಿನ ಲೆಕ್ಕ ಇದ್ದಂತೆ. ಹೂ ಬಿಡುವ ಹೊತ್ತಿಗೆ ಗಿಡವನ್ನು ಎಳೆಯದೆ, ಮಣ್ಣು ಸಮೇತ ಅಗೆದು, ನೀರಿನಲ್ಲಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಯೂರಿಯಾ ಹೆಚ್ಚಾಗಿ ಬಿದ್ದ ಕಡೆ ಗಂಟು ಕಟ್ಟುವುದೇ ಕಡಿಮೆ. ಸಿದ್ಧ ಅಡಿಗೆ ಸಿಕ್ಕರೆ ಒಲೆ ಹಚ್ಚುವವರಾರು?

ಇನ್ನು ಆ ಹಿರಿಯರ ಹೊಲ. ಹೆಸರುಕಾಳಿನಲ್ಲಿ ನೂರಕ್ಕೆ ಸುಮಾರು 24 ಭಾಗ ಸಸಾರಜನಕವಿರುತ್ತದೆ. ಹಾಗಾಗಿ 4 ಕ್ವಿಂಟಾಲ್ ಕಾಳಿನೊಡನೆ ಸುಮಾರು 15 ಕಿಲೋ ಸಾರಜನಕ ಮನೆಗೆ ಬಂತು. ಗಿಡವನ್ನು ಅವರು ಬೇರು ಸಮೇತ ಕಿತ್ತು ದನಕ್ಕೆ ಹಾಕಿದ್ದರು. ನೆಲಕ್ಕೆ ಉಳಿದದ್ದೇನು? ಉದುರಿದ ನಾಲ್ಕು ಎಲೆ. ಗಾಳಿಯಿಂದ ಬಂದದ್ದು ಕಾಳಿಗೂ ಹಟ್ಟಿಗೂ ಹೋಯಿತು. ಹಟ್ಟಿಗೊಬ್ಬರ ಅದೇ ಹೊಲಕ್ಕೆ ಮರಳಿದ್ದರೆ ಅಷ್ಟು ನಷ್ಟವಿರಲಿಲ್ಲ. ಅದು ತೆಂಗಿನ ಬುಡಕ್ಕೆ ಹೋಗಿತ್ತು.

ಕಾಯಿ ಬಿಡಿಸಿ, ಹಸಿರಿರುವಾಗಲೇ ಹದ ನೋಡಿ ಗಿಡವನ್ನು ಉತ್ತು ಮಣ್ಣಿಗೆ ಸೇರಿಸಿ. ಮೇವು ಬೇಕೇ ಬೇಕೆಂದರೆ ಕುಡುಗೋಲಿನಿಂದ ಕೊಯ್ಯಿರಿ, ಬೇರು ನೆಲದಲ್ಲೇ ಇರಲಿ. ಜೋಳದ ಕೂಳೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸಲು ಅಣುಜೀವಿಗಳು ಮಣ್ಣಿನ ಸಾರಜನಕವನ್ನೇ ಸಾಲ ಪಡೆಯುತ್ತವೆ, ಎಳೆಪೈರು ಹಳದಿಯಾಗುತ್ತದೆ. ಹೆಸರಿನ ಹಸಿರೆಲೆ ಮೆತ್ತಗೆ. ಬೇಗ ಕೊಳೆತು ಪೈರಿಗೆ ಕೊಡುತ್ತದೆ. ಆದರೆ ಉತ್ತ ಮೇಲೆ ಹೊಲವನ್ನು ಬಹಳ ದಿನ ಖಾಲಿ ಬಿಡಬೇಡಿ. ಕೆಂಪು ಮಣ್ಣಿನಲ್ಲಿ ಜೋರು ಮಳೆ ನೈಟ್ರೇಟನ್ನು ಕೆಳಕ್ಕೆ ಇಳಿಸಿಬಿಡುತ್ತದೆ. ಎರಡು ಮೂರು ವಾರದೊಳಗೆ ರಾಗಿ ಬೀಳಲಿ.

ತೊಗರಿಯದು ಇನ್ನೂ ಉದಾರ ಸ್ವಭಾವ, ಎಲೆಯನ್ನು ತಾನೇ ಉದುರಿಸುತ್ತದೆ. ತೊಗರಿಯ ಹಿಂದೆ ಬಂದ ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ ಸುಮಾರು 40 ಕಿಲೋ ಸಾರಜನಕ ಹಾಕಿದಷ್ಟು ಲಾಭವಾಯಿತೆಂದು ಇಕ್ರಿಸ್ಯಾಟ್ ವಿಜ್ಞಾನಿಗಳು 1983ರಲ್ಲಿ ವರದಿ ಮಾಡಿದರು. ಎಕರೆಗೆ 16 ಕಿಲೋ, ಅಂದರೆ 45 ಕಿಲೋ ಯೂರಿಯಾ ಚೀಲದ ಮುಕ್ಕಾಲು ಪಾಲು. ಇದು ತೊಗರಿಯನ್ನೇ ಪೂರ್ತಿ ಬೆಳೆದಾಗಿನ ಮಾತು. ಅಕ್ಕಡಿಯ ಒಂದು ಸಾಲಿನಿಂದ ಅಷ್ಟನ್ನು ನಿರೀಕ್ಷಿಸಬೇಡಿ.

ಆ ಹಿರಿಯರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಈ ಸಾರಿ ಅರ್ಧ ಎಕರೆಯ ಹೆಸರನ್ನು ಉತ್ತಿದ್ದಾರೆ, ಇನ್ನರ್ಧವನ್ನು ಎಂದಿನಂತೆ ಕಿತ್ತಿದ್ದಾರೆ. ಎರಡರ ರಾಗಿಯನ್ನೂ ಬೇರೆ ಬೇರೆ ಒಕ್ಕಿ, ಬೇರೆ ಬೇರೆ ತೂಗುವುದೆಂದು ಮಾತಾಗಿದೆ. ತಕ್ಕಡಿ ನಾನು ತರುತ್ತೇನೆ.