ಪಕ್ಕದ ಹೊಲದ ಲೆಕ್ಕ



ಗಡಹಿಂಗ್ಲಜದಲ್ಲಿ ಕನ್ನಡದಲ್ಲಿ ದತ್ತಿ ಉಪನ್ಯಾಸ ಕೊಡಬೇಕೆಂದು ಕರೆ ಬಂದಾಗ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಒಬ್ಬ ಸಣ್ಣ ರೈತನ ಹೊಲದಲ್ಲಿ ಫಲಿಸಿದ ಹೊಸ ಪದ್ಧತಿ ಸಾವಿರ ಹೊಲಗಳಿಗೆ ಹೇಗೆ ಹಬ್ಬುತ್ತದೆ, ಹಬ್ಬಿಸುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಸರಕಾರದ ಇಲಾಖೆಗಳಿವೆ, ಬೀಜ ಗೊಬ್ಬರದ ಕಂಪನಿಗಳಿವೆ. ಇವೆರಡೂ ಅಲ್ಲದ ಸಂಘ, ಮಂಡಳಿ, ಬಳಗಗಳನ್ನು ಜನರೇ ಕಟ್ಟಿಕೊಂಡಿರುತ್ತಾರಲ್ಲ, ಅವುಗಳ ಬಗ್ಗೆ ನನ್ನ ಮಾತು. ಆಫ್ರಿಕಾದ ಸಣ್ಣ ರೈತರ ನಡುವೆ ಕೆಲಸ ಮಾಡುವ ಸಂಸ್ಥೆಗಳನ್ನು ಇಂದು ಕಾಡುತ್ತಿರುವ ಪ್ರಶ್ನೆಯೂ ಇದೇ. ಉತ್ತರದ ಒಂದು ದೊಡ್ಡ ಭಾಗ ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲೇ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಸಂಘಟನೆಗಳು ಹಬ್ಬಿಸಬೇಕಾದ ಮೊದಲ ಸಂಗತಿ ಎಂದರೆ ತನ್ನ ಹೊಲದಲ್ಲಿ ತಾನೇ ಪರೀಕ್ಷೆ ಮಾಡಿ ಲೆಕ್ಕ ಬರೆದಿಡುವ ರೂಢಿ. ಅದು ಬೇರೂರಿದ ಕಡೆ ಪದ್ಧತಿಗಳು ತಾವಾಗಿ ದಾರಿ ಹುಡುಕಿಕೊಳ್ಳುತ್ತವೆ.

ಇದನ್ನು ನಮಗೆ ತೋರಿಸಿಕೊಟ್ಟವರು ಗಣಿತದ ಮೇಷ್ಟ್ರು ಶ್ರೀಪಾದ ಅಚ್ಯುತ ದಾಭೋಳ್ಕರ್. 1924ರಲ್ಲಿ ಹುಟ್ಟಿದ ಅವರು ಗಾರಗೋಟಿಯ ಮೌನಿ ವಿದ್ಯಾಪೀಠದಲ್ಲಿ ಪಾಠ ಹೇಳುತ್ತಿದ್ದರು. ಆ ವಿದ್ಯಾಪೀಠವನ್ನು ಕಟ್ಟಿದ ಜೆ. ಪಿ. ನಾಯಕರು ಇಲ್ಲೇ ಪಕ್ಕದ ಆಜರಾ ತಾಲೂಕಿನ ಬಹಿರೇವಾಡಿಯವರು. ತಮ್ಮ ತರುಣ ವಯಸ್ಸಿನಲ್ಲಿ ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ ಹಳ್ಳಿಯ ಕೆಲಸ ಮಾಡಿದವರು. ಕನ್ನಡದ ಒಂದು ಹಳ್ಳಿಯಲ್ಲಿ ಪಳಗಿದ ಕೈ ಮುಂದೆ ಗಾರಗೋಟಿಯಲ್ಲಿ ಶಾಲೆ ಕಟ್ಟಿತು ಎಂಬುದನ್ನು ಈ ಸಭೆಯಲ್ಲಿ ನೆನೆಯಲು ನನಗೆ ಹೆಮ್ಮೆಯೆನಿಸುತ್ತದೆ.

ದಾಭೋಳ್ಕರರು ಕೃಷಿ ಪದವೀಧರರಲ್ಲ. ರೈತನಿಗೆ ಇಂತಿಷ್ಟು ಗೊಬ್ಬರ ಹಾಕು, ಇಂಥ ದಿನ ನೀರು ಬಿಡು ಎಂದು ಅವರು ಹೇಳುತ್ತಿರಲಿಲ್ಲ, ಪ್ರಶ್ನೆ ಕೊಡುತ್ತಿದ್ದರು. ಒಂದು ದ್ರಾಕ್ಷಿ ಗೊಂಚಲು ತುಂಬಿಕೊಳ್ಳಲು ಎಷ್ಟು ಎಲೆ ದುಡಿಯಬೇಕು? ನಿನ್ನ ಬಳ್ಳಿಯಲ್ಲಿ ಬಿಸಿಲು ಕಾಣುವ ಎಲೆ ಎಷ್ಟು, ನೆರಳಿನಲ್ಲಿ ಕುಳಿತು ಉಣ್ಣುವ ಎಲೆ ಎಷ್ಟು? ಒಂದು ಚದರ ಅಡಿ ಎಲೆ ಇಡೀ ದಿನ ಬಿಸಿಲು ಕುಡಿದರೂ ಕಟ್ಟುವುದು ಕೆಲವೇ ಗ್ರಾಂ ಒಣ ಪದಾರ್ಥ. ಹಾಗಿರುವಾಗ ಎಕರೆಗೆ ಎಷ್ಟು ಇಳುವರಿ ಸಾಧ್ಯ ಎಂಬುದು ಕೂಡಿ ಗುಣಿಸಿ ತಿಳಿಯಬಹುದಾದ ಸಂಗತಿ. ಮೇಷ್ಟ್ರು ಕಲಿಸಿದ್ದು ಈ ಲೆಕ್ಕ. ಅದನ್ನು ಕಲಿತ ರೈತ ಬಳ್ಳಿಯ ಕೆಳಗೆ ನಿಂತು ಎಲೆ ಎಣಿಸತೊಡಗಿದ. ಎಣಿಸಿದ ಮೇಲೆ ಯಾವ ಕುಡಿ ಚಿವುಟಬೇಕು, ಎಷ್ಟು ಗೊಂಚಲು ಉಳಿಸಬೇಕು ಎಂಬುದು ಅವನಿಗೇ ಹೊಳೆಯಿತು.

1960ರ ದಶಕದಲ್ಲಿ ಹೀಗೆ ಬೆಳೆಯತೊಡಗಿದ ಬಳಗಕ್ಕೆ ಪ್ರಯೋಗ ಪರಿವಾರ ಎಂದು ಹೆಸರು. ಅದಕ್ಕೆ ದೊಡ್ಡ ಕಚೇರಿ ಇರಲಿಲ್ಲ, ಸಂಬಳದ ನೌಕರರ ಪಡೆ ಇರಲಿಲ್ಲ. ಇದ್ದದ್ದು ಕಾಗದಗಳು ಮತ್ತು ಭೇಟಿಗಳು. ಒಬ್ಬನು ತನ್ನ ತೋಟದಲ್ಲಿ ಮಾಡಿ ನೋಡಿದ್ದನ್ನು ಬರೆದು ತಿಳಿಸಬೇಕು, ಇನ್ನೊಬ್ಬನು ಅದನ್ನು ನಂಬದೆ ತನ್ನ ತೋಟದಲ್ಲಿ ಪರೀಕ್ಷಿಸಬೇಕು, ಫಲ ಬೇರೆ ಬಂದರೆ ಅದನ್ನೂ ಬರೆಯಬೇಕು. ಸೋತ ಪ್ರಯೋಗಕ್ಕೂ ಗೆದ್ದ ಪ್ರಯೋಗದಷ್ಟೇ ಬೆಲೆ. ಸಾಂಗಲಿ ಜಿಲ್ಲೆಯ ತಾಸಗಾಂವ ಸುತ್ತಲಿನ ಬರಗಾಲದ ನೆಲದಲ್ಲಿ ದ್ರಾಕ್ಷಿ ಎದ್ದು ನಿಂತದ್ದರ ಹಿಂದೆ ಈ ಬಳಗದ ಕೈಯೂ ಇದೆ, ಮಹಾರಾಷ್ಟ್ರ ರಾಜ್ಯ ದ್ರಾಕ್ಷಿ ಬಾಗಾಯತದಾರ ಸಂಘದ ಕೈಯೂ ಇದೆ. ತಾಸಗಾಂವದ ಕಡೆಯ ರೈತರೊಬ್ಬರು ಥಾಮ್ಸನ್ ಸೀಡ್‌ಲೆಸ್ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಆರಿಸಿ ಬೆಳೆಸಿದ್ದೇ ತಾಸ್-ಎ-ಗಣೇಶ್ ತಳಿ. ಅದು ಇಂದು ಗಡಿ ದಾಟಿ ವಿಜಯಪುರ ಜಿಲ್ಲೆಯ ತೋಟಗಳಲ್ಲೂ ಇದೆ. ಹೀಗೆ ಹಬ್ಬಲು ಯೋಜನೆಯೇ ಬೇಕೆಂದಿಲ್ಲ. ಬೀಗರ ಊರಿಗೆ ಹೋದವನು ಕಡ್ಡಿ ಕತ್ತರಿಸಿ ತಂದರೂ ಒಂದು ತಳಿ ಗಡಿ ದಾಟುತ್ತದೆ.

ದಾಭೋಳ್ಕರರಿಗೆ 1985ರಲ್ಲಿ ಜಮನಾಲಾಲ್ ಬಜಾಜ್ ಪ್ರಶಸ್ತಿ ಬಂತು. ಹತ್ತು ಗುಂಟೆ ನೆಲದಲ್ಲಿ ಒಂದು ಕುಟುಂಬ ನೆಮ್ಮದಿಯಿಂದ ಬದುಕಬಹುದು ಎಂದು ಅವರು ವಾದಿಸಿದರು. ಎಕರೆಗೆ ನಲವತ್ತು ಗುಂಟೆ; ಅದರ ಕಾಲು ಭಾಗ. ಈ ಮಾತನ್ನು ಕೇಳಿ ಹುಬ್ಬೇರಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಎಲ್ಲ ನೆಲಕ್ಕೂ ಎಲ್ಲ ಕುಟುಂಬಕ್ಕೂ ಅದು ಸರಿಹೊಂದುತ್ತದೆ ಎಂದು ನಾನು ಹೇಳಲಾರೆ. ನೀರಿನ ಆಸರೆ, ಮನೆಮಂದಿಯ ದುಡಿಮೆ, ಹತ್ತಿರದ ಪೇಟೆ ಇವು ಇಲ್ಲದೆ ಆ ಲೆಕ್ಕ ನಿಲ್ಲದು. ಆದರೂ ಆ ಮಾತಿಗೆ ಒಂದು ದೊಡ್ಡ ಗುಣವಿದೆ. ಹಿಡುವಳಿ ಸಣ್ಣದಾಯಿತು ಎಂದು ತಲೆ ತಗ್ಗಿಸಿ ಕುಳಿತವನಿಗೆ ಅದು, ನಿನ್ನ ಹತ್ತು ಗುಂಟೆಯನ್ನು ಮೊದಲು ಪೂರ್ತಿ ಅರಿತುಕೋ ಎನ್ನುತ್ತದೆ. ಅವರು 2001ರಲ್ಲಿ ತೀರಿಕೊಂಡರು. ಕೊಲ್ಹಾಪುರದಲ್ಲಿ ನೆಲೆಸಿದ್ದ ಈ ಹಿರಿಯರ ಬಗ್ಗೆ ಕನ್ನಡದಲ್ಲಿ ಇನ್ನೂ ಎಷ್ಟೋ ಬರೆಯಬೇಕಾಗಿದೆ.

ಬಳಗದಿಂದ ಈಗ ಸಹಕಾರಿ ಸಂಘಗಳಿಗೆ, ಇಚಲಕರಂಜಿಯ ಕಡೆ ಹೊರಳೋಣ. ಸಂವಿಧಾನ ಸಭೆಯ ಸದಸ್ಯರಾಗಿದ್ದ ರತ್ನಪ್ಪಾ ಕುಂಭಾರರು ಅಲ್ಲಿ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ವಾರಣಾ ಕಣಿವೆಯಲ್ಲಿ ಇಂಥದೇ ಇನ್ನೊಂದನ್ನು ತಾತ್ಯಾಸಾಹೇಬ ಕೋರೆ ಕಟ್ಟಿದರು. ನದಿಯಿಂದ ನೀರೆತ್ತುವ ಸಹಕಾರಿ ಸಂಘಗಳು ಊರೂರಿಗೆ ಬಂದವು. ಮಳೆಗಾಲ ಮುಗಿದ ಕೂಡಲೇ ಹಲಗೆ ಇಳಿಸಿ ನೀರು ನಿಲ್ಲಿಸಿ, ಮುಂದಿನ ಮಳೆಗೆ ಮುನ್ನ ಹಲಗೆ ತೆಗೆಯುವ ಕೊಲ್ಹಾಪುರ ಮಾದರಿಯ ಬಾಂದಾರ ಇಲ್ಲಿಂದ ಹೊರಟು ಕರ್ನಾಟಕದ ಹಳ್ಳಹೊಳೆಗಳಿಗೂ ಬಂತು. ಸಾವಿರಾರು ಸಣ್ಣ ರೈತರನ್ನು ಒಂದೇ ಬೆಳೆಗೆ, ಒಂದೇ ಹಂಗಾಮಿಗೆ ಹೊಂದಿಸಿದ ಈ ಸಂಘಟನೆಯ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾರ್ಖಾನೆ ಹಬ್ಬಿಸಿದ್ದು ಕಾರ್ಖಾನೆಗೆ ಬೇಕಾದ ಬೆಳೆಯನ್ನು. ಕಬ್ಬಿಗೆ ನೀರು ಹರಿಯಿತು, ಹರಿದ ನೀರು ಹೊರಗೆ ಹೋಗುವ ದಾರಿಯನ್ನು ಯಾರೂ ಯೋಚಿಸಲಿಲ್ಲ.

ಅದರ ಫಲವನ್ನು ಶಿರೋಳ ತಾಲೂಕಿನ ಎರೆಭೂಮಿ ಉಂಡಿದೆ. ಮೇಲಿಂದ ಮೇಲೆ ನೀರು ಕುಡಿದ ಆಳವಾದ ಕರಿಮಣ್ಣು ನೀರನ್ನು ಬಸಿಯಲಾರದು. ಕೆಳಗಿನ ನೀರು ಮೇಲೇರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಉಪ್ಪನ್ನು ಮೇಲೆಯೇ ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಪ್ಪಳೆ. ಕಬ್ಬು ಮೊಳಕೈ ಎತ್ತರಕ್ಕೆ ನಿಂತು ಹಳದಿಯಾಗುತ್ತದೆ, ಆಮೇಲೆ ಜಾಲಿ ಬೆಳೆಯುತ್ತದೆ. ಕೃಷ್ಣಾ ತೀರದ ಚಿಕ್ಕೋಡಿ, ರಾಯಬಾಗ, ಅಥಣಿಯ ರೈತರಿಗೂ ಈ ಸವಳು ಜವಳು ಹೊಸದಲ್ಲ.

ಇದಕ್ಕೆ ಮದ್ದು ಗೊತ್ತಿತ್ತು. ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಪೈಪಿಗೆ ಸೋಸುಬಟ್ಟೆ ಸುತ್ತಿ, ಆಳುದ್ದದ ಕಾಲುವೆ ತೋಡಿ, ಹೊಲದ ತುಂಬ ಸಾಲುಸಾಲಾಗಿ ಹೂಳಬೇಕು. ಈ ಸಾಲುಗಳು ಒಂದು ದಪ್ಪ ಪೈಪಿಗೆ ಕೂಡಬೇಕು, ಆ ಪೈಪು ಹಳ್ಳಕ್ಕೆ ಮುಟ್ಟಬೇಕು. ತೊಡಕು ಇರುವುದು ಆ ದಪ್ಪ ಪೈಪಿನಲ್ಲಿ. ಅದು ಹಳ್ಳ ಮುಟ್ಟಲು ಹತ್ತಾರು ಜನರ ಹೊಲ ದಾಟಬೇಕು. ನಡುವೆ ಒಬ್ಬ ಒಲ್ಲೆ ಎಂದರೆ ಎಲ್ಲರ ನೆಲವೂ ಉಪ್ಪಾಗಿಯೇ ಉಳಿಯುತ್ತದೆ. ಇಲ್ಲಿ ಎಷ್ಟೇ ಜಾಣ ರೈತನಾದರೂ ಒಂಟಿಯಾಗಿ ಏನೂ ಮಾಡಲಾರ. ಶಿರೋಳದ ಶ್ರೀ ದತ್ತ ಶೇತಕರಿ ಸಹಕಾರಿ ಸಕ್ಕರೆ ಕಾರ್ಖಾನೆ ಗಣಪತರಾವ ಪಾಟೀಲರ ಮುಂದಾಳತ್ವದಲ್ಲಿ ಈ ಕೆಲಸಕ್ಕೆ ಕೈಹಾಕಿತು. ಊರಿನವರನ್ನು ಕೂಡಿಸಿ, ಒಪ್ಪಿಸಿ, ದೊಡ್ಡ ಪ್ರಮಾಣದಲ್ಲಿ ನೆಲವನ್ನು ಮರಳಿ ಸಾಗುವಳಿಗೆ ತಂದಿತು. ಪೈಪಿನ ಬಾಯಲ್ಲಿ ಸುರಿಯುವ ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಸಾಕು, ವರ್ಷಗಟ್ಟಲೆ ನೆಲ ಏನು ನುಂಗಿತ್ತೆಂದು ತಿಳಿಯುತ್ತದೆ. ಕಬ್ಬು ತಂದಿಟ್ಟ ಕಷ್ಟವನ್ನು ಕಬ್ಬಿನ ಸಂಘಟನೆಯೇ ಪರಿಹರಿಸಲು ಹೊರಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೊದಲೇ ಹೇಳಿದ ಆಫ್ರಿಕಾಕ್ಕೆ ಈಗ ಬರೋಣ. ಬುರ್ಕಿನಾ ಫಾಸೊ ದೇಶದ ಯಾತೆಂಗಾ ಪ್ರಾಂತದಲ್ಲಿ ಯಾಕೂಬಾ ಸಾವಾದೋಗೊ ಎಂಬ ರೈತನಿದ್ದ. 1980ರ ದಶಕದ ಬರಗಾಲದಲ್ಲಿ ಜನ ಊರು ಬಿಡುತ್ತಿದ್ದಾಗ ಆತ ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಗುಂಡಿ ತೋಡುತ್ತಿದ್ದ. ಗುಂಡಿಯ ಪದ್ಧತಿ ಅಲ್ಲಿ ಹಳೆಯದು, ಜಾಯ್ ಎಂದು ಅದರ ಹೆಸರು. ಆತ ಗುಂಡಿಯನ್ನು ಹಿಗ್ಗಿಸಿದ, ಬೇಸಿಗೆಯಲ್ಲೇ ತೋಡಿ ತಿಪ್ಪೆಗೊಬ್ಬರ ತುಂಬಿದ. ಗೊಬ್ಬರಕ್ಕೆ ಗೆದ್ದಲು ಬಂತು, ಗೆದ್ದಲು ಕೊರೆದ ದಾರಿಯಲ್ಲಿ ಮೊದಲ ಮಳೆ ಇಳಿಯಿತು, ಜೋಳ ಸಜ್ಜೆ ಬಂದವು. ಗೊಬ್ಬರದಲ್ಲಿದ್ದ ಬೀಜಗಳಿಂದ ಮರಗಳೂ ಎದ್ದವು. ಆಮೇಲೆ ಆತ ತನ್ನ ಹೊಲದಲ್ಲೇ ಸಂತೆಯಂತೆ ದಿನ ಗೊತ್ತುಮಾಡಿ ಸುತ್ತಲಿನ ಊರುಗಳ ರೈತರನ್ನು ಕರೆದ. ಬಂದವರು ಬೀಜ ತಂದರು, ಸಲಿಕೆಯ ಪಟ್ಟುಗಳನ್ನು ಹಂಚಿಕೊಂಡರು. 1989ರಲ್ಲಿ ಪಕ್ಕದ ನೈಜರ್ ದೇಶದ ಇಲ್ಲೇಲಾದಿಂದ ಕೆಲವು ರೈತರು ಯಾತೆಂಗಾಕ್ಕೆ ಹೋಗಿ ಬಂದರು. ಹಿಂತಿರುಗಿ ತಮ್ಮ ಹಾಳು ನೆಲದಲ್ಲಿ ಮಾಡಿ ನೋಡಿದರು. ಬರದ ವರ್ಷ ಗುಂಡಿಯಿದ್ದ ಹೊಲದಲ್ಲಷ್ಟೇ ತೆನೆ ಕಂಡಿತು, ಆಮೇಲೆ ಯಾರಿಗೂ ಬೋಧನೆ ಬೇಕಾಗಲಿಲ್ಲ. ಸಾವಾದೋಗೊಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ಆತ ತೀರಿಕೊಂಡ.

ಆಫ್ರಿಕಾದಿಂದ ನಮ್ಮ ಕಡೆಗೂ ವಿದ್ಯೆ ಬಂದಿದೆ. ಮಡಗಾಸ್ಕರದಲ್ಲಿ ಆಂರಿ ದ ಲೋಲಾನಿಯೇ ಎಂಬ ಪಾದ್ರಿ ರೈತರ ಜೊತೆಗೂಡಿ 1983ರ ಹೊತ್ತಿಗೆ ರೂಪಿಸಿದ ಭತ್ತದ ಪದ್ಧತಿಯೇ ನಾವಿಂದು ಶ್ರೀ ಎಂದು ಕರೆಯುವುದು: ಎಳೆಯ ಸಸಿ, ಒಂದೊಂದೇ ಸಸಿ, ಅಗಲ ಅಂತರ, ನೀರು ನಿಲ್ಲಿಸದ ಗದ್ದೆ. ಅದನ್ನು ಹಬ್ಬಿಸಲು ಅಲ್ಲಿಯವರು 1990ರಲ್ಲಿ ತೆಫಿ ಸೈನಾ ಎಂಬ ಸಂಘ ಕಟ್ಟಿದರು. ಭಾರತದಲ್ಲೂ ಅದನ್ನು ಹಳ್ಳಿಗಳಿಗೆ ಒಯ್ದವರಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾಲು ದೊಡ್ಡದು. ಅದೇ ತತ್ವಗಳನ್ನು ಕಬ್ಬಿಗೆ ಹೊಂದಿಸಿ ಇಕ್ರಿಸ್ಯಾಟ್ ಮತ್ತು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಗಳ ಜಂಟಿ ಯೋಜನೆ 2009ರಲ್ಲಿ ಒಂದು ಕೈಪಿಡಿ ತಂದಿತು. ಒಂಟಿ ಕಣ್ಣನ್ನು ಟ್ರೇಯಲ್ಲಿ ಸಸಿ ಮಾಡಿ ಐದಡಿ ಸಾಲಿನಲ್ಲಿ ನೆಡುವ ಆ ಪದ್ಧತಿಯಲ್ಲಿ ಬೀಜದ ಕಬ್ಬು ಎಷ್ಟೋ ಪಾಲು ಉಳಿಯುತ್ತದೆ.

ಸಂಸ್ಥೆಗಳ ಕೆಲಸದಲ್ಲಿ ನನ್ನನ್ನು ನೋಯಿಸುವ ಸಂಗತಿಯೊಂದನ್ನೂ ಹೇಳಬೇಕು. ಮೂರು ವರ್ಷದ ಯೋಜನೆ ಬರುತ್ತದೆ. ಬೀಜ ಪುಕ್ಕಟೆ, ಗೊಬ್ಬರ ಪುಕ್ಕಟೆ. ರಸ್ತೆ ಪಕ್ಕದ ಹೊಲದಲ್ಲಿ ಫಲಕ ನೆಡುತ್ತಾರೆ. ಇಂತಿಷ್ಟು ರೈತರನ್ನು ಮುಟ್ಟಿದೆವು ಎಂದು ವರದಿ ಹೋಗುತ್ತದೆ. ಹಣ ಮುಗಿದ ಮರುವರ್ಷ ಆ ಹೊಲದವನು ಹಳೆಯ ಪದ್ಧತಿಗೆ ಮರಳಿರುತ್ತಾನೆ. ಅವನ ತಪ್ಪೇನೂ ಇಲ್ಲ. ಯಾವ ಅಂಶದಿಂದ ಎಷ್ಟು ಲಾಭವಾಯಿತು ಎಂಬ ಲೆಕ್ಕ ಅವನ ಕೈಯಲ್ಲಿ ಉಳಿದಿರುವುದಿಲ್ಲ. ಮುಟ್ಟಿದ ರೈತರನ್ನು ಎಣಿಸುವುದಕ್ಕಿಂತ ಸಂಸ್ಥೆಗಳು, ಯೋಜನೆ ಮುಗಿದ ಮೂರನೆಯ ವರ್ಷ ತಮ್ಮ ಖರ್ಚಿನಲ್ಲಿ ಮುಂದುವರಿಸಿದವರನ್ನು ಎಣಿಸಲಿ. ಬಿಟ್ಟವರನ್ನು ಕಂಡು ಏಕೆ ಬಿಟ್ಟೆಯಪ್ಪಾ ಎಂದು ಕೇಳಿ ಬರೆದುಕೊಳ್ಳಲಿ. ಹೆಣ್ಣುಮಕ್ಕಳನ್ನು ಮೊದಲು ಕೇಳಲಿ. ಕಳೆ ತೆಗೆಯುವವರು, ಮೆಣಸಿನಕಾಯಿ ಬಿಡಿಸುವವರು ಅವರು. ಹೊಸ ಪದ್ಧತಿ ಯಾರ ಬೆನ್ನಿನ ಮೇಲೆ ಎಷ್ಟು ಭಾರ ಹೇರಿತು ಎಂಬುದು ಸಾತಬಾರಾ ಪಹಣಿಯಲ್ಲಿ ಹೆಸರಿರುವ ಗಂಡಸಿಗೆ ಎಷ್ಟೋ ಸಲ ತಿಳಿದಿರುವುದಿಲ್ಲ.

ಕೊನೆಗೆ ಗಡಹಿಂಗ್ಲಜದ ಮಾತು. ಹಿರಣ್ಯಕೇಶಿ ಇಲ್ಲಿಂದ ಸಂಕೇಶ್ವರಕ್ಕೆ ಹರಿದು ಹೋಗುತ್ತದೆ. ಸಂಕೇಶ್ವರಿ ಮೆಣಸಿನಕಾಯಿ ಈ ಪೇಟೆಗೆ ಬರುತ್ತದೆ. ಗಡಿಯ ಎರಡೂ ಕಡೆ ಅದೇ ಬೆಳೆ, ಅದೇ ಎಲೆ ಮುಟುರು ರೋಗ. ಇದರ ಬೀಜವನ್ನು ರೈತರ ಮನೆಗಳೇ ಆರಿಸಿ ಉಳಿಸಿಕೊಂಡು ಬಂದಿವೆ. ಹಾಗಾದರೆ ಈ ವರ್ಷವೇ ಮಾಡಬಹುದಾದ ಕೆಲಸವೊಂದಿದೆ. ಗಡಿಯ ಆಚೆ ಈಚೆಯ ಹಳ್ಳಿಗಳಿಂದ ಆಸಕ್ತ ಮನೆಗಳು ಒಂದೊಂದು ಗುಂಟೆ ಪ್ರಯೋಗಕ್ಕೆ ಬಿಡಲಿ. ಬೀಜ ಯಾವ ಮನೆಯದು, ನಾಟಿ ಯಾವ ವಾರ, ಮುಟುರು ಮೊದಲು ಕಂಡದ್ದು ಯಾವಾಗ, ಒಣಗಿದ ಮೇಲೆ ತೂಕ ಎಷ್ಟು ಎಂದು ಒಂದೇ ವಹಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಲಿ. ಬರೆಯಲು ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಗುಂಟೆ ಸೋತರೆ ಆ ಮನೆಗೆ ಆದ ನಷ್ಟವನ್ನು ಈ ಉಪನ್ಯಾಸವನ್ನು ಏರ್ಪಡಿಸಿದ ಸಂಘ ತುಂಬಿಕೊಡಬೇಕು, ಏಕೆಂದರೆ ಆ ಸೋಲಿನಿಂದ ಕಲಿಯುವವರು ಎಲ್ಲರೂ. ಈ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸದ ಹೊತ್ತಗೆ ಅಚ್ಚಾಗುತ್ತದೆ. ಮುಂದಿನ ವರ್ಷದ ಹೊತ್ತಗೆಯಲ್ಲಿ ಉಪನ್ಯಾಸದ ಜೊತೆ ಆ ವಹಿಯ ಪುಟಗಳನ್ನೂ, ಸೋತ ಗುಂಟೆಗಳ ಲೆಕ್ಕವನ್ನೂ ಸೇರಿಸಿ ಅಚ್ಚು ಹಾಕಿಸಬೇಕೆಂದು ದತ್ತಿಯ ದಾನಿಗಳನ್ನೂ ಈ ಸಂಘದ ಹಿರಿಯರನ್ನೂ ಕೇಳಿಕೊಳ್ಳುತ್ತೇನೆ.