ತಂದೆತಾಯಿಯೂ ಮಕ್ಕಳೇ ಆಗಿದ್ದ ಎರಡು ವರ್ಷಗಳು



2020ರ ಯುಗಾದಿ ಮಾರ್ಚ್ 25ರ ಬುಧವಾರ ಬಂದಿತ್ತು. ಅದಕ್ಕೆ ಎರಡು ದಿನ ಮೊದಲು, ಸೋಮವಾರ ರಾತ್ರಿ, ಪ್ರಧಾನಿ ಬೋರಿಸ್ ಜಾನ್ಸನ್ ಟಿ.ವಿ.ಯಲ್ಲಿ ಕಾಣಿಸಿಕೊಂಡು ಎಲ್ಲರೂ ಮನೆಯಲ್ಲೇ ಇರಬೇಕೆಂದು ಹೇಳಿದರು. ಇಂಗ್ಲೆಂಡಿನ ಶಾಲೆಗಳು ಅದಕ್ಕೂ ಮೊದಲಿನ ಶುಕ್ರವಾರವೇ ಬಾಗಿಲು ಹಾಕಿದ್ದವು. ಭಾರತಕ್ಕೆ ಹೋಗುವ ಪ್ರಯಾಣಿಕ ವಿಮಾನಗಳು ನಿಂತಿದ್ದವು. ಯುಗಾದಿಯ ದಿನವೇ ಭಾರತವೂ ಲಾಕ್‌ಡೌನ್‌ಗೆ ಒಳಗಾಯಿತು. ಹೀಗೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳ ಕನ್ನಡ ಕುಟುಂಬಗಳಿಗೆ ಒಂದೇ ವಾರದಲ್ಲಿ ಎರಡು ಬಾಗಿಲುಗಳು ಮುಚ್ಚಿಕೊಂಡವು: ಒಂದು ಮಕ್ಕಳ ಶಾಲೆಯದು, ಇನ್ನೊಂದು ತವರಿನದು. ಮೊದಲನೆಯ ಬಾಗಿಲಿನ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಎರಡನೆಯದರ ಬಗ್ಗೆ ಬಹಳ ಕಡಿಮೆ. ಈ ಮಾತುಗಳ ಕಾಳಜಿ ಇವೆರಡರ ನಡುವೆ ನಿಂತವರ ಕುರಿತದ್ದು.

ಮೊದಲು ಲೆಕ್ಕಕ್ಕೆ ಸಿಕ್ಕಿದ್ದನ್ನು ನೋಡೋಣ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ 2017ರಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಸಿತ್ತು. ಅದೇ ಮಕ್ಕಳನ್ನು 2020ರ ಜುಲೈನಲ್ಲಿ ಮತ್ತೆ ವಿಚಾರಿಸಲಾಯಿತು. ಐದರಿಂದ ಹದಿನಾರು ವರ್ಷದವರಲ್ಲಿ ಮಾನಸಿಕ ತೊಂದರೆಯ ಸಂಭವವಿದ್ದವರು ಮೊದಲು ಒಂಬತ್ತರಲ್ಲಿ ಒಬ್ಬರಾಗಿದ್ದರು. ಈಗ ಆರರಲ್ಲಿ ಒಬ್ಬರಾಗಿದ್ದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಥಿ ಕ್ರೆಸ್‌ವೆಲ್ ಮತ್ತು ಸಂಗಡಿಗರು ಲಾಕ್‌ಡೌನಿನ ಮೊದಲ ವಾರದಲ್ಲೇ ಆರಂಭಿಸಿದ 'ಕೋ-ಸ್ಪೇಸ್' ಅಧ್ಯಯನ ತಂದೆತಾಯಿಯರನ್ನು ತಿಂಗಳು ತಿಂಗಳೂ ಕೇಳುತ್ತಾ ಹೋಯಿತು. ನಿರ್ಬಂಧ ಬಿಗಿಯಾದಾಗ, ಶಾಲೆ ಮುಚ್ಚಿದಾಗ ತಂದೆತಾಯಿಯರ ಒತ್ತಡ ಮತ್ತು ಮಕ್ಕಳ ಕಿರಿಕಿರಿ, ಚಂಚಲತೆ, ದುಗುಡ ಒಟ್ಟಿಗೇ ಏರುತ್ತಿದ್ದವು. ಶಾಲೆ ತೆರೆದಾಗ ಒಟ್ಟಿಗೇ ಇಳಿಯುತ್ತಿದ್ದವು. ಆದಾಯ ಕಡಿಮೆ ಇದ್ದ ಮನೆಗಳಲ್ಲಿ ಇಳಿಕೆ ಅಷ್ಟು ಸರಾಗವಾಗಿರಲಿಲ್ಲ.

ಉತ್ತರ ಇಂಗ್ಲೆಂಡಿನದೇ ಆದ ಇನ್ನೊಂದು ಅಧ್ಯಯನವಿದೆ. 'ಬಾರ್ನ್ ಇನ್ ಬ್ರ್ಯಾಡ್‌ಫರ್ಡ್' ಎಂಬ ಯೋಜನೆ 2007ರಿಂದ ಆ ಊರಿನಲ್ಲಿ ಹುಟ್ಟಿದ ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನೂ ಅವರ ತಾಯಂದಿರನ್ನೂ ಅನುಸರಿಸುತ್ತಾ ಬಂದಿದೆ. ಆ ತಾಯಂದಿರಲ್ಲಿ ದಕ್ಷಿಣ ಏಷ್ಯಾ ಮೂಲದವರು ಬಹಳ ಮಂದಿ. ಸೋಂಕಿಗೆ ಮೊದಲು ಅವರಲ್ಲಿ ಸುಮಾರು ಒಂಬತ್ತಕ್ಕೆ ಒಬ್ಬರು ಗಂಭೀರ ಖಿನ್ನತೆಯ ಲಕ್ಷಣ ಹೇಳಿಕೊಂಡಿದ್ದರೆ, 2020ರ ಲಾಕ್‌ಡೌನಿನಲ್ಲಿ ಅದು ಐದಕ್ಕೆ ಒಬ್ಬರ ಹತ್ತಿರ ಬಂದಿತು. ಕಾರಣಗಳ ಪಟ್ಟಿಯಲ್ಲಿ ಮೇಲೆ ನಿಂತವು ಒಂಟಿತನ, ಹಣದ ಅಭದ್ರತೆ, ಊಟದ ಚಿಂತೆ, ಮನೆಯ ಅಭದ್ರತೆ. ವೈರಾಣುವಿನ ಭಯಕ್ಕಿಂತ ಬಾಡಿಗೆಯ ಭಯವೇ ಹೆಚ್ಚು ಜನರ ನಿದ್ದೆ ಕೆಡಿಸಿದ್ದರೆ ಅಚ್ಚರಿಪಡಬೇಕಾದ್ದೇನೂ ಇಲ್ಲ.

ಈ ಎಲ್ಲ ಅಧ್ಯಯನಗಳೂ ಕುಟುಂಬವೆಂದರೆ ಒಂದು ಸೂರಿನ ಕೆಳಗಿರುವ ತಂದೆತಾಯಿ ಮತ್ತು ಮಕ್ಕಳು ಎಂದು ಹಿಡಿದು ಪ್ರಶ್ನೆ ಕೇಳಿದವು. ಸಮೀಕ್ಷೆಗೆ ಅದು ಅನುಕೂಲ; ವಲಸೆ ಬಂದವರ ಬದುಕಿಗೆ ಅದು ಸಾಲದು. ಲೀಡ್ಸ್‌ನಲ್ಲಿ ಹತ್ತು ವರ್ಷದ ಮಗಳನ್ನು ಸಂತೈಸುತ್ತಿದ್ದ ತಾಯಿ ಸಾಗರದಲ್ಲೋ ಗದಗದಲ್ಲೋ ಒಂಟಿಯಾಗಿದ್ದ ಎಪ್ಪತ್ತು ದಾಟಿದ ತಾಯಿಯ ಮಗಳೂ ಆಗಿದ್ದಳು. ಹಗಲಿನಲ್ಲಿ ಪೋಷಕಿ, ನಡುರಾತ್ರಿಯಲ್ಲಿ ಮಗು. ಯಾವ ಪ್ರಶ್ನಾವಳಿಯಲ್ಲೂ ಈ ಎರಡನೆಯ ಪಾತ್ರಕ್ಕೆ ಅಂಕಣವಿರಲಿಲ್ಲ.

ವೈದ್ಯರ ಮನೆಗಳಿಂದ ಆರಂಭಿಸುವುದು ಸೂಕ್ತ. ಮಿಡ್‌ಲ್ಯಾಂಡ್ಸ್ ಮತ್ತು ಉತ್ತರ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕನ್ನಡದ ವೈದ್ಯರು ದಶಕಗಳಿಂದ ಇದ್ದಾರೆ, ದಾದಿಯರೂ ಇದ್ದಾರೆ. ಕೊರೊನಾದಿಂದ ಮೃತಪಟ್ಟ ಮೊದಲ ಹತ್ತು ವೈದ್ಯರೂ ಬಿಳಿಯರಲ್ಲದವರೆಂಬ ಸುದ್ದಿ 2020ರ ಏಪ್ರಿಲ್‌ನಲ್ಲಿ ಬಂತು. ಬ್ರಿಟಿಷ್ ವೈದ್ಯಕೀಯ ಸಂಘದ ಅಧ್ಯಕ್ಷ ಚಾಂದ್ ನಾಗ್‌ಪಾಲ್ ತನಿಖೆಗೆ ಒತ್ತಾಯಿಸಿದರು. ಆ ಸುದ್ದಿಯನ್ನು ತಂದೆತಾಯಿ ಓದಿದರೆಂದ ಮೇಲೆ ಮಕ್ಕಳೂ ಓದಿದರು. ಫೋನು ಎಲ್ಲರ ಕೈಯಲ್ಲೂ ಇತ್ತು. ಗಂಡಹೆಂಡಿರಿಬ್ಬರೂ ಆಸ್ಪತ್ರೆಯವರಾದ ಮನೆಗಳ ಮಕ್ಕಳು ಖಾಲಿ ಶಾಲೆಗಳಲ್ಲಿ, ಹತ್ತು ಹನ್ನೆರಡು ಮಂದಿಯ ಗುಂಪಿನಲ್ಲಿ ದಿನ ಕಳೆದರು. ಸಂಜೆ ಅಪ್ಪ ಹಿಂಬಾಗಿಲಿನಿಂದ ಬಂದು, ಬಟ್ಟೆ ಕಳಚಿ, ಸ್ನಾನ ಮುಗಿಸುವವರೆಗೆ ಯಾರೂ ಹತ್ತಿರ ಹೋಗುವಂತಿರಲಿಲ್ಲ. ಮಡಿಯ ಮನೆಯಲ್ಲಿ ಬೆಳೆದ ಅಜ್ಜಿಯರಿಗೆ ಇದು ವಿಚಿತ್ರವಾಗಿ ಪರಿಚಿತವೆನಿಸಿರಬೇಕು. ದೂರ ನಿಲ್ಲು, ಮುಟ್ಟಬೇಡ ಎಂಬ ಮಾತುಗಳಿಗೆ ಕನ್ನಡದಲ್ಲಿ ಬಹಳ ಹಳೆಯ, ಬಹಳ ಕೊಳಕಾದ ಚರಿತ್ರೆಯಿದೆ. ಸಾಮಾಜಿಕ ಅಂತರ ಎಂಬ ಪದವನ್ನು ಕನ್ನಡ ಪತ್ರಿಕೆಗಳು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಪ್ರತ್ಯೇಕ ಚರ್ಚೆಗೆ ಅರ್ಹವಾದ ವಿಷಯ.

ಗುರುವಾರ ರಾತ್ರಿ ಎಂಟಕ್ಕೆ ನಾಡೆಲ್ಲ ಬಾಗಿಲಲ್ಲಿ ನಿಂತು ಆರೋಗ್ಯ ಸಿಬ್ಬಂದಿಗೆ ಚಪ್ಪಾಳೆ ತಟ್ಟಿತು. ಅದೇ ಸಿಬ್ಬಂದಿಯಲ್ಲಿ ವೀಸಾದ ಮೇಲಿದ್ದವರು, ತಾವೇ ದುಡಿಯುವ ಆರೋಗ್ಯ ಸೇವೆಯನ್ನು ಬಳಸಲು ತಲೆಗೆ ವರ್ಷಕ್ಕೆ 400 ಪೌಂಡ್ ಶುಲ್ಕ ತೆರಬೇಕಾಗಿತ್ತು. ನಾಲ್ವರ ಸಂಸಾರಕ್ಕೆ 1,600. ಟೀಕೆ ಹೆಚ್ಚಾದ ಮೇಲೆ 2020ರ ಮೇ 21ರಂದು ಸರ್ಕಾರ ಆರೋಗ್ಯ ಮತ್ತು ಆರೈಕೆ ಸಿಬ್ಬಂದಿಗೆ ಅದನ್ನು ಬಿಟ್ಟುಕೊಟ್ಟಿತು. ಐಟಿ ಕೆಲಸದವರಿಗೆ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಅದು 624 ಪೌಂಡಿಗೆ ಏರಿತು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ 60 ದಿನ, ಸರ್ಕಾರಿ ನೆರವು ಪಡೆಯುವಂತಿಲ್ಲವೆಂಬ ಷರತ್ತು ಬೇರೆ. ಇಂಥ ಮನೆಯ ಊಟದ ಮೇಜಿನಲ್ಲಿ ತಂದೆತಾಯಿ ತಗ್ಗಿದ ದನಿಯಲ್ಲಿ ಮಾತನಾಡುವುದನ್ನು ಮಗು ಕೇಳಿಸಿಕೊಂಡಿರುತ್ತದೆ. ಆ ಮಗುವಿನ ನಿದ್ರಾಹೀನತೆಗೆ ಕಾರಣ ಮನೋವೈದ್ಯರ ಕೋಣೆಯಲ್ಲಿ ಸಿಗುವುದಿಲ್ಲ, ಗೃಹ ಇಲಾಖೆಯ ನಿಯಮಾವಳಿಯಲ್ಲಿ ಸಿಗುತ್ತದೆ.

ಬಾಣಂತನದ ವಿಷಯವನ್ನು ಯಾರೂ ಹೆಚ್ಚು ಮಾತನಾಡಿಲ್ಲ. ಕನ್ನಡ ಕುಟುಂಬಗಳಲ್ಲಿ ಹೆರಿಗೆಯ ಹೊತ್ತಿಗೆ ತಾಯಿಯೋ ಅತ್ತೆಯೋ ಆರು ತಿಂಗಳ ವೀಸಾದಲ್ಲಿ ಬಂದು, ಎಣ್ಣೆ ನೀರು, ಮೆಣಸಿನ ಸಾರು, ಮಗುವಿನ ಸ್ನಾನ ನೋಡಿಕೊಳ್ಳುವುದು ವಾಡಿಕೆ. 2020ರಲ್ಲಿ ಹೆತ್ತ ಹೆಣ್ಣುಮಕ್ಕಳಿಗೆ ಇದು ದಕ್ಕಲಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ಸ್ಕ್ಯಾನ್‌ಗೆ ಗಂಡನಿಗೂ ಪ್ರವೇಶವಿರಲಿಲ್ಲ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಅವನನ್ನು ಮನೆಗೆ ಕಳಿಸುತ್ತಿದ್ದರು. ಹಸಿ ಬಾಣಂತಿ ಕೂಸಿನೊಂದಿಗೆ ಮನೆಗೆ ಬಂದಾಗ ಅಲ್ಲಿ ಇದ್ದದ್ದು ವಾಟ್ಸ್ಯಾಪ್‌ನ ಅಮ್ಮ. ಮತ್ತೊಂದು ಕಡೆ, ಚಳಿಗಾಲದಲ್ಲಿ ಬಂದು ವಿಮಾನ ನಿಂತದ್ದರಿಂದ ಇಲ್ಲೇ ಉಳಿದ ಅಜ್ಜಿ ತಾತಂದಿರ ಕಥೆ. ಗೃಹ ಇಲಾಖೆ ಅವರ ವೀಸಾವನ್ನು ಮೊದಲು ಮೇ ಕೊನೆಗೆ, ಆಮೇಲೆ ಜುಲೈ ಕೊನೆಗೆ ವಿಸ್ತರಿಸಿತು. ಊರಿನಿಂದ ತಂದ ರಕ್ತದೊತ್ತಡದ ಮಾತ್ರೆಗಳು ಮುಗಿಯುತ್ತಿದ್ದವು. ಹೊರಗೆ ತಿರುಗಾಡಲು ಭಯ. ಮನೆಯಲ್ಲಿ ಎಲ್ಲರೂ ಒಂದೊಂದು ಪರದೆಯ ಮುಂದೆ. ಮಕ್ಕಳಿಗೆ ಮಾತ್ರ ಇದರಿಂದ ಒಳ್ಳೆಯದಾಯಿತೆಂಬುದನ್ನೂ ಹೇಳಬೇಕು. ಆ ನಾಲ್ಕೈದು ತಿಂಗಳಲ್ಲಿ ಮೊಮ್ಮಕ್ಕಳ ಬಾಯಿಗೆ ಬಂದಷ್ಟು ಕನ್ನಡ ವರ್ಷಗಟ್ಟಲೆಯ ತರಗತಿಗಳಲ್ಲಿ ಬರುವುದಿಲ್ಲ.

ಉತ್ತರ ಇಂಗ್ಲೆಂಡಿಗೆ ನಿರ್ಬಂಧಗಳು ದಕ್ಷಿಣಕ್ಕಿಂತ ಉದ್ದವಾಗಿದ್ದವು. 2020ರ ಜುಲೈ 30ರ ರಾತ್ರಿ, ಬಕ್ರೀದ್‌ನ ಹಿಂದಿನ ದಿನ, ಗ್ರೇಟರ್ ಮ್ಯಾಂಚೆಸ್ಟರ್, ಪೂರ್ವ ಲ್ಯಾಂಕಶೈರ್ ಮತ್ತು ಪಶ್ಚಿಮ ಯಾರ್ಕ್‌ಶೈರಿನ ಕೆಲವು ಭಾಗಗಳಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ ಎಂದು ಆರೋಗ್ಯ ಸಚಿವ ಮ್ಯಾಟ್ ಹ್ಯಾಂಕಾಕ್ ಟ್ವಿಟರ್‌ನಲ್ಲಿ ಸಾರಿದರು. ಮರುದಿನವೇ ಕಾಲ್ಡರ್ ವ್ಯಾಲಿಯ ಸಂಸದ ಕ್ರೇಗ್ ವಿಟೇಕರ್ ಅಲ್ಪಸಂಖ್ಯಾತ ಸಮುದಾಯಗಳು ಸೋಂಕನ್ನು ಗಂಭೀರವಾಗಿ ಪರಿಗಣಿಸುತ್ತಿಲ್ಲವೆಂದು ದೂರಿದರು. ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಆಮೇಲೆ ಲೀಡ್ಸ್. ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರಿನ ಮೇಯರ್ ಆ್ಯಂಡಿ ಬರ್ನಮ್ ಕೆಲಸ ಕಳೆದುಕೊಳ್ಳುವವರಿಗಾಗಿ 65 ದಶಲಕ್ಷ ಪೌಂಡ್ ಕೇಳಿ, ಬೀದಿಯಲ್ಲಿ ಸುದ್ದಿಗೋಷ್ಠಿ ನಡೆಸುತ್ತಿದ್ದಾಗಲೇ ಸರ್ಕಾರದ ನಿರ್ಧಾರವನ್ನು ಪಕ್ಕದವರ ಫೋನಿನಿಂದ ತಿಳಿದುಕೊಂಡರು. ಅದೇ ಊರಿನ ವಿದೆನ್‌ಶಾದಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ ಮಾರ್ಕಸ್ ರ್‍ಯಾಶ್‌ಫರ್ಡ್ ಬಡಮಕ್ಕಳ ರಜಾದಿನದ ಊಟಕ್ಕಾಗಿ ಸರ್ಕಾರವನ್ನು ವರ್ಷದಲ್ಲಿ ಎರಡು ಬಾರಿ ಮಣಿಸಿದ್ದು ಆ ಕಾಲದ ಕೆಲವೇ ಹಿತವಾದ ಸುದ್ದಿಗಳಲ್ಲಿ ಒಂದು.

ಹದಿಹರೆಯದವರ ಮಟ್ಟಿಗೆ ಆಗಸ್ಟ್ 13 ಮರೆಯಲಾರದ ದಿನ. ಎ-ಲೆವೆಲ್ ಪರೀಕ್ಷೆ ರದ್ದಾಗಿ, ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಅಂಕ ಲೆಕ್ಕಹಾಕುವ ಸೂತ್ರ ಬಂತು. ಶಿಕ್ಷಕರು ಅಂದಾಜಿಸಿದ ದರ್ಜೆಗಳಲ್ಲಿ ಶೇಕಡಾ 40ರ ಹತ್ತಿರ ಕೆಳಗಿಳಿದವು. ಸಿರಿವಂತ ಶಾಲೆಗಳ ಸಣ್ಣ ತರಗತಿಗಳಿಗೆ ಲಾಭ, ಬಡ ಬಡಾವಣೆಯ ಜಾಣ ಹುಡುಗಿಗೆ ನಷ್ಟ. ನಾಲ್ಕು ದಿನಗಳ ನಂತರ ಸರ್ಕಾರ ಹಿಂದೆ ಸರಿಯಿತು. ವೈದ್ಯಕೀಯ ಸೀಟಿನ ಕನಸನ್ನೇ ಮನೆಯ ಕುಲದೇವರಂತೆ ಪೂಜಿಸುವ ಕನ್ನಡ ಕುಟುಂಬಗಳಲ್ಲಿ ಆ ನಾಲ್ಕು ದಿನ ಹೇಗೆ ಕಳೆದಿರಬಹುದೆಂಬುದನ್ನು ವಿವರಿಸಬೇಕಿಲ್ಲ. ಬರ್ಮಿಂಗ್‌ಹ್ಯಾಮ್ ಮತ್ತು ಟ್ರ್ಯಾಫರ್ಡ್‌ನ ಗ್ರಾಮರ್ ಶಾಲೆಗಳ ಪ್ರವೇಶ ಪರೀಕ್ಷೆಯಂತೂ ರದ್ದಾಗಲೇ ಇಲ್ಲ. ಹತ್ತು ವರ್ಷದ ಮಕ್ಕಳು ಗೆಳೆಯರಿಲ್ಲದ ಬೇಸಿಗೆಯಲ್ಲಿ ಅದಕ್ಕಾಗಿ ಓದಿದರು. ಇದರ ಹೊಣೆಯನ್ನು ಸರ್ಕಾರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾಗದು.

ಆದರೆ ಎಲ್ಲಕ್ಕಿಂತ ಕರಾಳವಾದದ್ದು 2021ರ ಏಪ್ರಿಲ್, ಮೇ. ಮಾರ್ಚ್ 8ಕ್ಕೆ ಇಂಗ್ಲೆಂಡಿನ ಶಾಲೆಗಳು ತೆರೆದಿದ್ದವು, ಲಸಿಕೆ ಬಂದಿತ್ತು, ಸಮೀಕ್ಷೆಗಳ ರೇಖೆ ಇಳಿಯತೊಡಗಿತ್ತು. ಆಗಲೇ ಕರ್ನಾಟಕ ಮುಳುಗಿತು. ಏಪ್ರಿಲ್ 23ರಿಂದ ಭಾರತ ಬ್ರಿಟನ್ನಿನ ಕೆಂಪು ಪಟ್ಟಿಗೆ ಸೇರಿತು. ಹೋಗಿ ಬರುವವರು ಹತ್ತು ದಿನ ಹೋಟೆಲಿನಲ್ಲಿ ಬಂದಿಯಾಗಿರಬೇಕು. ಒಬ್ಬ ವಯಸ್ಕರಿಗೆ 1,750 ಪೌಂಡ್. ಆಗಸ್ಟ್ 8ರವರೆಗೆ ಇದು ನಡೆಯಿತು. ಏಪ್ರಿಲ್ 27ಕ್ಕೆ ಕರ್ನಾಟಕ ಮತ್ತೆ ಬೀಗ ಹಾಕಿಕೊಂಡಿತು. ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತರು. ಬೆಂಗಳೂರಿನ ಹೊರವಲಯದ ತಾವರೆಕೆರೆ, ಗಿಡ್ಡೇನಹಳ್ಳಿಗಳ ಬಯಲಿನಲ್ಲಿ ಚಿತೆಗಳು ಸಾಲಾಗಿ ಉರಿದವು. ಮ್ಯಾಂಚೆಸ್ಟರಿನ ಉಪನಗರದಲ್ಲಿ ಕುಳಿತು ಬೆಂಗಳೂರಿನಲ್ಲಿ ಹಾಸಿಗೆ ಹುಡುಕುವುದು ಎಷ್ಟೋ ಮನೆಗಳ ಇರುಳಿನ ಕೆಲಸವಾಯಿತು. ಭಾರತದಲ್ಲಿ ಬೆಳಗಿನ ಆರೂವರೆಯೆಂದರೆ ಇಲ್ಲಿ ರಾತ್ರಿ ಎರಡು. ಆ ಹೊತ್ತಿನಲ್ಲಿ ಫೋನು ಬಡಿದರೆ ಮನೆಯವರೆಲ್ಲ ಏಳುತ್ತಿದ್ದರು, ಮಕ್ಕಳೂ ಸೇರಿ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅದೇ ಮಕ್ಕಳನ್ನು ಶಾಲೆಗೆ ಬಿಡಬೇಕು. ಗೇಟಿನ ಬಳಿ ಇತರ ತಂದೆತಾಯಿಯರು ಹೊಟೇಲುಗಳು ತೆರೆದವೆಂದು ಸಂಭ್ರಮಿಸುತ್ತಿದ್ದಾರೆ. ತಂದೆಯ ದಹನವನ್ನು ಮೊಬೈಲಿನಲ್ಲಿ ಕಂಡವಳು ಅವರ ನಡುವೆ ನಿಂತು ನಗಬೇಕು.

2021ರ ಜೂನ್‌ನಲ್ಲಿ ವಾರಸುದಾರರು ಬಾರದೆ ಉಳಿದ ನೂರಾರು ಅಸ್ಥಿಕುಡಿಕೆಗಳನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಕಂದಾಯ ಸಚಿವ ಆರ್. ಅಶೋಕ ವಿಧಿಗಳನ್ನು ನೆರವೇರಿಸಿದರು. ಆ ಚಿತ್ರವನ್ನು ದೂರದೇಶದಲ್ಲಿ ನೋಡಿದವರಿಗೆ ಆದದ್ದು ದುಃಖವೊಂದೇ ಅಲ್ಲ, ತಪ್ಪಿತಸ್ಥ ಭಾವ ಕೂಡ. ಕರ್ಮ ಮಾಡಬೇಕಾದ ಕೈ ಸಾವಿರಾರು ಮೈಲಿ ದೂರದಲ್ಲಿತ್ತು. ಇಂಥ ಶೋಕ ವರ್ಷ ಕಳೆದರೂ ಮುಗಿಯುವುದಿಲ್ಲ. ಕೋಪವಾಗಿ, ಮೌನವಾಗಿ, ಮಗನ ಅಂಕಪಟ್ಟಿಯ ಮೇಲಿನ ಅತಿಯಾದ ಆಸಕ್ತಿಯಾಗಿ ವೇಷ ಬದಲಿಸುತ್ತದೆ. ಮಗುವಿಗೆ ಕಾಣುವುದು ವೇಷ ಮಾತ್ರ.

ಇಲ್ಲಿ ಭಾಷೆಯ ತೊಡಕೂ ಇದೆ. ಮಕ್ಕಳ ತೊಂದರೆಯನ್ನು ಅಳೆಯಲು ಸಮೀಕ್ಷೆಗಳು ಬಳಸಿದ್ದು ರಾಬರ್ಟ್ ಗುಡ್‌ಮನ್ ರೂಪಿಸಿದ 25 ಹೇಳಿಕೆಗಳ ಪ್ರಶ್ನಾವಳಿ. ಅದರಲ್ಲಿ ತಲೆನೋವು, ಹೊಟ್ಟೆನೋವು ಎಂದು ಪದೇಪದೇ ಹೇಳುವುದು ಮನಸ್ಸಿನ ದುಗುಡದ ಗುರುತು. ಕನ್ನಡ ಮನೆಯಲ್ಲಿ ಹೊಟ್ಟೆನೋವೆಂದರೆ ಜೀರಿಗೆ ಕಷಾಯ. ಶಾಲೆಯಿಂದ ಮಗು ಆಂಗ್ಸೈಟಿ, ಪ್ಯಾನಿಕ್ ಅಟ್ಯಾಕ್ ಎಂಬ ಪದಗಳನ್ನು ಕಲಿತು ಬರುತ್ತದೆ. ಮನೆಯಲ್ಲಿ ಸಂಕಟ, ಬೇಜಾರು, ಎದೆ ಡವಗುಟ್ಟುವುದು ಎಂಬ ಪದಗಳಿವೆ. ಎರಡೂ ಒಂದೇ ಅನುಭವವನ್ನು ಹೇಳುತ್ತಿವೆಯೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್, ಶಿವಮೊಗ್ಗದ ಡಾ. ಅಶೋಕ್ ಪೈ ಮುಂತಾದವರು ಮನೋರೋಗದ ಮಾತನ್ನು ದಶಕಗಳ ಹಿಂದೆಯೇ ಮನೆಮನೆಗೆ ತಲುಪಿಸಿದ್ದರು. ಆ ಪುಸ್ತಕಗಳು ಸಮುದ್ರ ದಾಟಿದಂತಿಲ್ಲ. ವಾರಾಂತ್ಯದ ಕನ್ನಡ ತರಗತಿಗಳು ಹಣ್ಣು, ತರಕಾರಿ, ಬಣ್ಣಗಳ ಹೆಸರು ಕಲಿಸುತ್ತವೆ. ಹೆದರಿಕೆಯನ್ನು ಕನ್ನಡದಲ್ಲಿ ಹೇಳಿಕೊಳ್ಳುವುದನ್ನು ಯಾವ ಪಾಠವೂ ಕಲಿಸುವುದಿಲ್ಲ. ನಾಲ್ಕು ಜನ ಏನಂದಾರು ಎಂಬ ಅಂಜಿಕೆ ಮಾತ್ರ ಪಾಠವಿಲ್ಲದೆಯೇ ಬಂದಿದೆ.

ಸೋಂಕು ಇಳಿದ ಮೇಲೆ ಅಂಕಿಗಳೂ ಇಳಿಯಬೇಕಿತ್ತು. ಇಳಿಯಲಿಲ್ಲ. ಹದಿನೇಳರಿಂದ ಹತ್ತೊಂಬತ್ತು ವರ್ಷದವರಲ್ಲಿ ತೊಂದರೆಯ ಸಂಭವ 2017ರಲ್ಲಿ ಹತ್ತಕ್ಕೊಬ್ಬರಿದ್ದದ್ದು 2022ರಲ್ಲಿ ನಾಲ್ಕಕ್ಕೊಬ್ಬರಾಯಿತು. ಪದೇಪದೇ ಶಾಲೆಗೆ ಗೈರಾಗುವ ಮಕ್ಕಳ ಪ್ರಮಾಣ ಸೋಂಕಿಗೆ ಮೊದಲಿದ್ದುದರ ಎರಡರಷ್ಟಾಯಿತು. 2010ರ ನಂತರದ ಮಿತವ್ಯಯದಲ್ಲಿ ನೂರಾರು ಶೂರ್ ಸ್ಟಾರ್ಟ್ ಕೇಂದ್ರಗಳು ಮುಚ್ಚಿದ್ದ ದೇಶದಲ್ಲಿ, ಮಕ್ಕಳ ಮನೋವೈದ್ಯರನ್ನು ಕಾಣಲು ತಿಂಗಳುಗಟ್ಟಲೆ ಕಾಯುವ ಸರದಿ ಇದ್ದೇ ಇತ್ತು. ಸೋಂಕು ಅದನ್ನು ಉದ್ದಗೊಳಿಸಿತು. ಬ್ಯಾರನೆಸ್ ಹ್ಯಾಲೆಟ್ ಅವರ ಕೋವಿಡ್ ವಿಚಾರಣಾ ಆಯೋಗ ಮಕ್ಕಳ ವಿಷಯಕ್ಕೆ ಪ್ರತ್ಯೇಕ ಕಲಾಪವನ್ನು 2025ರ ಶರತ್ಕಾಲದಲ್ಲಿ ನಡೆಸಿತು, ಐದು ವರ್ಷ ತಡವಾಗಿ.

ಬರ್ಮಿಂಗ್‌ಹ್ಯಾಮ್‌ನಲ್ಲಿ 25 ವರ್ಷದವರೆಗಿನವರಿಗೆ 'ಫಾರ್ವರ್ಡ್ ಥಿಂಕಿಂಗ್ ಬರ್ಮಿಂಗ್‌ಹ್ಯಾಮ್' ಎಂಬ ಸೇವೆಯಿದೆ. ಲೀಡ್ಸ್‌ನ ಮಕ್ಕಳಿಗೆ 'ಮೈಂಡ್‌ಮೇಟ್' ಇದೆ. ವಯಸ್ಕರು ಮನೆವೈದ್ಯರ ಚೀಟಿಯಿಲ್ಲದೆಯೇ ಆರೋಗ್ಯ ಸೇವೆಯ ಮಾತಿನ ಚಿಕಿತ್ಸೆಗೆ ತಾವೇ ಹೆಸರು ನೋಂದಾಯಿಸಬಹುದು, ದುಭಾಷಿಯನ್ನು ಕೇಳಬಹುದು. ಅಲ್ಲಿ ಮೊದಲ ದಿನವೇ ನಿಮ್ಮ ಕುಟುಂಬದಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳುತ್ತಾರೆ. ಗಂಡ, ಇಬ್ಬರು ಮಕ್ಕಳು ಎಂದು ಉತ್ತರಿಸಿ ನಿಲ್ಲಿಸದೆ, 2021ರ ಮೇ ತಿಂಗಳಲ್ಲಿ ಹಾಸನದಲ್ಲಿ ತೀರಿಕೊಂಡ ತಂದೆಯ ಹೆಸರನ್ನೂ, ಇನ್ನೂ ಅಲ್ಲೇ ಒಂಟಿಯಾಗಿರುವ ತಾಯಿಯ ಹೆಸರನ್ನೂ ಆ ಕಾಗದದಲ್ಲಿ ಬರೆಸಬೇಕು.